ವಾಟ್ಕಿನ್ಸ್ ಗ್ಲೆನ್ ಸ್ಟೇಟ್ ಪಾರ್ಕ್: ಜಲಪಾತಗಳ ಕಣಿವೆ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬಂದರು ಅಂದ್ರೆ ನಯಾಗರಾ ಟ್ರಿಪ್ ಇದ್ದಿದ್ದೇ. ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯಿಂದ ಕಾರಿನಲ್ಲಿ ಹೊರಡುವ ನಮ್ಮವರಲ್ಲಿ ತುಂಬಾ ಜನ ದಾರಿ ಮಧ್ಯೆ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಇಳಿಯುತ್ತಾರೆ. ಹೊರಡುವ ಮುಂಚೆ ನೆಂಟರು, ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ. ಅವನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಯಾಗರಾಕ್ಕೆ ಹೋಗುವಾಗ ಕಾಲು ನೀಡಿಕೊಳ್ಳಲು ನಿಲ್ಲಿಸುವ ಜಾಗ ಇದಲ್ಲ. ಇದಕ್ಕೇ ಅಂತ ಕನಿಷ್ಠ ಅರ್ಧ ದಿನ ಎತ್ತಿಡಿ.

ಈ ಪಾರ್ಕ್ ಎಲ್ಲಿದೆ? ಅಲ್ಲಿ ಏನಿದೆ?

ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಪ್ರದೇಶದಲ್ಲಿದೆ. ಕೈಬೆರಳುಗಳ ಹಾಗೆ ಉದ್ದುದ್ದಕ್ಕೆ ಚಾಚಿಕೊಂಡ 11 ಸರೋವರಗಳಿರುವ ಸೀಮೆ ಅದು. ಅವುಗಳಲ್ಲಿ ಸೆನೆಕಾ ಎಂಬ ಸರೋವರದ ದಕ್ಷಿಣ ತುದಿಗೆ ವಾಟ್ಕಿನ್ಸ್ ಗ್ಲೆನ್ ಎನ್ನುವ ಪುಟ್ಟ ಊರು. ಊರಿನ ಮುಖ್ಯ ರಸ್ತೆಯಲ್ಲೇ ಪಾರ್ಕಿನ ಬಾಗಿಲು. ಅಂಗಡಿ, ಹೋಟೆಲು, ಟ್ರಾಫಿಕ್ ದೀಪ ನೋಡುತ್ತಾ ಬಂದವರು ನಾಲ್ಕು ಹೆಜ್ಜೆ ಒಳಗೆ ಹೋದರೆ ಬಂಡೆ ಸೀಳಿಕೊಂಡು ಬರುವ ತೊರೆಯ ಎದುರು ನಿಂತಿರುತ್ತಾರೆ.

ತೊರೆಯ ಹೆಸರು ಗ್ಲೆನ್ ಕ್ರೀಕ್. ಸುಮಾರು 2 ಮೈಲಿಯೊಳಗೆ ಅದು 400 ಅಡಿ ಕೆಳಗಿಳಿಯುತ್ತದೆ. ಎರಡೂ ಬದಿಗೆ 200 ಅಡಿವರೆಗಿನ ಬಂಡೆಗೋಡೆ. ಇಳಿಯುವ ದಾರಿಯಲ್ಲಿ 19 ಜಲಪಾತ. ನೀರಿನ ಪಕ್ಕದಲ್ಲೇ ಕಲ್ಲಿನ ಕಾಲುದಾರಿ ಇದೆ. ಅದಕ್ಕೆ ಗಾರ್ಜ್ ಟ್ರೇಲ್ ಅನ್ನುತ್ತಾರೆ. ಉದ್ದ ಸುಮಾರು ಒಂದೂವರೆ ಮೈಲಿ.

ಹೇಗೂ ನಯಾಗರಾ ನೋಡ್ತೀವಲ್ಲ, ಇದನ್ನೂ ನೋಡಬೇಕಾ?

ಖಂಡಿತ ನೋಡಬೇಕು. ನಯಾಗರಾವನ್ನು ಕಟಕಟೆ ಹಿಡಿದು, ಇಲ್ಲಾ ದೋಣಿಯಲ್ಲಿ ನಿಂತು ನೋಡುತ್ತೀರಿ. ಅದರ ದೊಡ್ಡತನವೇ ಬೇರೆ. ಇಲ್ಲಿ ಒಂದೊಂದು ಫಾಲ್ಸೂ ಚಿಕ್ಕದು. ಎಲ್ಲಕ್ಕಿಂತ ಎತ್ತರದ ಸೆಂಟ್ರಲ್ ಕ್ಯಾಸ್ಕೇಡ್ ಕೂಡ 60 ಅಡಿ ಅಷ್ಟೇ. ಆದರೆ ನೀವು ನೀರಿನ ಜೊತೆಗೇ ನಡೆಯುತ್ತೀರಿ. ಎರಡು ಕಡೆ ಬೀಳುವ ನೀರಿನ ಹಿಂದೆ ಹಾದು ಹೋಗುತ್ತೀರಿ. ಕೈ ಚಾಚಿದರೆ ಒದ್ದೆಯಾದ ಬಂಡೆ, ಅದಕ್ಕೆ ಅಂಟಿಕೊಂಡ ಪಾಚಿ, ಜರೀಗಿಡ. ಜೋಗ ನೋಡಿ ಬೆಳೆದವರಿಗೆ ಎತ್ತರದಿಂದ ಬೀಳುವ ನೀರು ಹೊಸದಲ್ಲ. ಬಂಡೆಯ ಸೀಳಿನೊಳಗೆ ಇಷ್ಟು ದೂರ ನೀರನ್ನು ಸವರಿಕೊಂಡು ನಡೆಯುವುದು ಹೊಸದು.

ಒಂದು ಗಂಟೆ ಸಾಕಾಗಲ್ವಾ?

ಒಂದು ಗಂಟೆಯಲ್ಲಿ ಓಡಿಕೊಂಡು ಹತ್ತುವವರೂ ಇದ್ದಾರೆ. ಆದರೆ ಹಿರಿಯರು, ಮಕ್ಕಳು ಇದ್ದರೆ ಹೋಗಿ ಬರಲು ಎರಡೂವರೆ, ಮೂರು ಗಂಟೆ ಇಟ್ಟುಕೊಳ್ಳಿ. ಅಮ್ಮ ಒಂದು ಕಡೆ ಕೂತು ನೀರು ನೋಡುತ್ತಾ ಹತ್ತು ನಿಮಿಷ ಸುಮ್ನೆ ಇರಬೇಕು ಅಂದರೆ ಇರಲಿ ಬಿಡಿ. ಅಷ್ಟು ದೂರದಿಂದ ಬಂದಿರುವುದು ಅದಕ್ಕೇ ಅಲ್ವಾ? ‘ರಾತ್ರಿಯೊಳಗೆ ನಯಾಗರಾ ಹೋಟೆಲ್ ಚೆಕ್-ಇನ್ ಆಗಬೇಕು’ ಅಂತ ಎಲ್ಲರನ್ನೂ ಅವಸರಪಡಿಸುವ ಹಾಗಿದ್ದರೆ ಅವತ್ತು ರಾತ್ರಿ ಇಲ್ಲೇ ಸುತ್ತಮುತ್ತ ಉಳಿದುಬಿಡುವುದು ವಾಸಿ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?

ಗಾರ್ಜ್ ಟ್ರೇಲ್ ವರ್ಷಪೂರ್ತಿ ತೆರೆದಿರುವುದಿಲ್ಲ. ಇದು ಎಲ್ಲಕ್ಕಿಂತ ಮುಖ್ಯವಾದ ವಿಷಯ. ಸಾಮಾನ್ಯವಾಗಿ ಮೇ ಮಧ್ಯದಿಂದ ನವೆಂಬರ್ ಶುರುವಿನವರೆಗೆ ಮಾತ್ರ ತೆರೆದಿರುತ್ತದೆ. ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಮಂಜು ಕರಗುವಾಗ ಮೇಲಿನ ಗೋಡೆಯಿಂದ ಸಡಿಲವಾದ ಕಲ್ಲುಗಳು ಉದುರುತ್ತವೆ. ಅದನ್ನೆಲ್ಲ ತೆಗೆದು ಸರಿ ಮಾಡಿದ ಮೇಲೇ ಜನರನ್ನು ಬಿಡುತ್ತಾರೆ. ಏಪ್ರಿಲ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಗೇಟಿನಿಂದ ವಾಪಸ್ ಬಂದವರು ನಮ್ಮ ಬಳಗದಲ್ಲೇ ಇದ್ದಾರೆ. ಹೊರಡುವ ಹಿಂದಿನ ದಿನ ನ್ಯೂಯಾರ್ಕ್ ಸ್ಟೇಟ್ ಪಾರ್ಕ್ಸ್‌ನ ಸೈಟಿನಲ್ಲಿ ‘ಗಾರ್ಜ್ ಟ್ರೇಲ್ ಓಪನ್’ ಅಂತ ಇದೆಯಾ ನೋಡಿಕೊಂಡೇ ಹೊರಡಿ.

ನೀರು ಜಾಸ್ತಿ ಬೇಕು ಅಂದರೆ ಮೇ ಕೊನೆ, ಜೂನ್. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮಳೆ ಬಾರದಿದ್ದರೆ ತೊರೆ ಸೊರಗುತ್ತದೆ. ಆದರೂ ಕಣಿವೆಯ ಚೆಲುವು ಕಡಿಮೆಯಾಗುವುದಿಲ್ಲ. ನೀರು ಇಳಿದಾಗ ಬಂಡೆಯ ಪದರಗಳು, ದುಂಡನೆಯ ಮಡುಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಅಕ್ಟೋಬರ್ ಮೊದಲ ಎರಡು ವಾರ ಎಲೆಗಳು ಕೆಂಪು, ಹಳದಿಗೆ ತಿರುಗುವ ಕಾಲ. ನನ್ನನ್ನು ಕೇಳಿದರೆ ಅದೇ ಅತಿ ಸುಂದರ. ಒದ್ದೆ ಕಪ್ಪು ಕಲ್ಲಿನ ಮೆಟ್ಟಿಲ ಮೇಲೆ ಹಳದಿ ಎಲೆ ಅಂಟಿಕೊಂಡಿರುವುದನ್ನು ಅಲ್ಲೇ ನೋಡಬೇಕು. ಜಾರುವುದೂ ಆಗಲೇ ಜಾಸ್ತಿ ಅನ್ನುವುದು ನೆನಪಿರಲಿ.

ಜನ ತುಂಬಾ ಇರ್ತಾರಾ?

ಜುಲೈ, ಆಗಸ್ಟ್ ಮತ್ತು ಅಕ್ಟೋಬರಿನ ಶನಿವಾರ, ಭಾನುವಾರ ತುಂಬಾ. ಬೆಳಿಗ್ಗೆ 11 ಆಯಿತು ಅಂದರೆ ಮುಖ್ಯ ಬಾಗಿಲಿನ ಪಾರ್ಕಿಂಗ್ ತುಂಬಿರುತ್ತದೆ. ದಾರಿ ಕಿರಿದು. ಕೆಲವು ಕಡೆ ಇಬ್ಬರು ಪಕ್ಕಪಕ್ಕ ನಡೆಯುವುದೇ ಕಷ್ಟ. ಫೋಟೊಗೆ ನಿಂತವರ ಹಿಂದೆ ಸಾಲು ಬೆಳೆಯುತ್ತದೆ. ಆದಷ್ಟು ವಾರದ ದಿನ ಹೋಗಿ. ವೀಕೆಂಡೇ ಗತಿ ಅಂದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ.

ಇನ್ನೊಂದು ವಿಷಯ. ಈ ಊರಿನಲ್ಲಿ ದೊಡ್ಡ ಕಾರ್ ರೇಸ್ ಟ್ರ್ಯಾಕ್ ಇದೆ. 1948ರಲ್ಲಿ ಊರಿನ ಬೀದಿಗಳಲ್ಲೇ ರೇಸ್ ಶುರು ಮಾಡಿದ ಜಾಗ ಇದು. ನಾಸ್ಕಾರ್ ರೇಸ್ ಇರುವ ವೀಕೆಂಡಿನಲ್ಲಿ ಹೋಟೆಲು ಸಿಗುವುದಿಲ್ಲ, ಸಿಕ್ಕರೂ ದರ ಕೇಳುವ ಹಾಗಿರುವುದಿಲ್ಲ. ರೇಸಿನ ತಾರೀಕು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ರೂಮ್ ಬುಕ್ ಮಾಡುವ ಮುಂಚೆ ನೋಡಿಕೊಳ್ಳಿ.

ಟಿಕೆಟ್ ಎಷ್ಟು?

ತಲೆಗಿಷ್ಟು ಅಂತ ಟಿಕೆಟ್ ಇಲ್ಲ. ಕಾರಿಗೆ ಸುಮಾರು 10 ಡಾಲರ್ ಕೊಡಬೇಕು. ಏಳು ಜನರ ವ್ಯಾನಿನಲ್ಲಿ ಹೋದರೂ ಅಷ್ಟೇ. ಆ ರಸೀದಿ ಎಸೆಯಬೇಡಿ. ಅದೇ ದಿನ ಪಕ್ಕದ ಇನ್ನೊಂದು ಸ್ಟೇಟ್ ಪಾರ್ಕಿಗೆ ಹೋಗುವುದಾದರೆ ಗೇಟಿನಲ್ಲಿ ರಸೀದಿ ತೋರಿಸಿ ಕೇಳಿ. ನ್ಯೂಯಾರ್ಕಿನ ಪಾರ್ಕುಗಳಿಗೆ ಆಗಾಗ ಹೋಗುವವರಾದರೆ ಎಂಪೈರ್ ಪಾಸ್ ಅಂತ ವರ್ಷದ ಪಾಸ್ ಇದೆ. ಅದು ಲಾಭ.

ಮೂರು ಬಾಗಿಲು ಇದೆಯಂತೆ. ಎಲ್ಲಿಂದ ಶುರು ಮಾಡಬೇಕು?

ಮುಖ್ಯ ಬಾಗಿಲು ಕೆಳಗೆ, ಊರಿನಲ್ಲಿ. ದಕ್ಷಿಣದ ಬಾಗಿಲು ಮಧ್ಯದಲ್ಲಿ, ಕ್ಯಾಂಪ್‌ಗ್ರೌಂಡ್ ಇರುವ ಕಡೆ. ಮೇಲಿನ ಬಾಗಿಲು ಕಣಿವೆಯ ಇನ್ನೊಂದು ತುದಿಯಲ್ಲಿ.

ಮೊದಲ ಸಲ ಬಂದವರು ಕೆಳಗಿನಿಂದ ಹತ್ತಬೇಕು ಅನ್ನುವುದು ನನ್ನ ಮಾತು. ಒಂದು ತಿರುವು ದಾಟಿದರೆ ಇನ್ನೊಂದು ಫಾಲ್ಸ್ ಎದುರಿಗೇ ಕಾಣುತ್ತದೆ. ಮೇಲಿನಿಂದ ಇಳಿಯುತ್ತಾ ಬಂದರೆ ಎಲ್ಲವೂ ಬೆನ್ನ ಹಿಂದೆ ಉಳಿದುಬಿಡುತ್ತವೆ. ಮೊದಲರ್ಧದಲ್ಲೇ ಚೆನ್ನಾಗಿರುವುದೆಲ್ಲ ಮುಗಿಯುವುದರಿಂದ ಸುಸ್ತಾದವರು ಅಲ್ಲಿಂದಲೇ ವಾಪಸ್ ಬರಬಹುದು ಅನ್ನುವ ಅನುಕೂಲವೂ ಇದೆ.

ಹತ್ತುವುದೇ ಬೇಡ, ಇಳಿಯುವುದಾದರೆ ಪರವಾಗಿಲ್ಲ ಅನ್ನುವವರು ಮೇಲಿನ ಬಾಗಿಲಿನಿಂದ ಶುರು ಮಾಡಬಹುದು. ಕೆಲವು ಸೀಸನ್‌ಗಳಲ್ಲಿ ಕೆಳಗಿನಿಂದ ಮೇಲಕ್ಕೆ ಶಟಲ್ ಬಸ್ ಓಡುತ್ತದೆ. ಅದನ್ನು ನಂಬಿಕೊಂಡು ಪ್ಲಾನ್ ಮಾಡುವ ಮುಂಚೆ ಪಾರ್ಕಿಗೆ ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಮನೆಯವರಲ್ಲೇ ಒಬ್ಬರು ಎಲ್ಲರನ್ನೂ ಮೇಲೆ ಇಳಿಸಿ, ಕಾರನ್ನು ಕೆಳಗೆ ತಂದು ಕಾಯಬೇಕಾಗುತ್ತದೆ.

832 ಮೆಟ್ಟಿಲು ಅಂತೆ. ಅಪ್ಪ ಅಮ್ಮ ಹತ್ತಬಹುದಾ?

ಎಲ್ಲರಿಗಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

832 ಅಂದ ತಕ್ಷಣ ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಲೆಕ್ಕದಲ್ಲಿ ಹೆದರಬೇಡಿ. ಅಲ್ಲಿ ಒಂದೇ ಸಮನೆ ಹತ್ತಬೇಕು. ಇಲ್ಲಿ ಹಾಗಲ್ಲ. ಹತ್ತಿಪ್ಪತ್ತು ಮೆಟ್ಟಿಲು ಹತ್ತಿದ ಮೇಲೆ ಸಮತಟ್ಟಾದ ದಾರಿ, ಮತ್ತೆ ಒಂದಷ್ಟು ಮೆಟ್ಟಿಲು, ಮತ್ತೆ ಸಮತಟ್ಟು. ನೀರಿನ ಬದಿಗೆ ಕಲ್ಲಿನ ಕಟ್ಟೆ ಕಟ್ಟಿದ್ದಾರೆ, ಒರಗಿಕೊಂಡು ದಣಿವಾರಿಸಿಕೊಳ್ಳಬಹುದು. ಒಳಗೆ ತಂಪು. ಹೊರಗೆ ಬಿಸಿಲು ಸುಡುತ್ತಿದ್ದರೂ ಕಣಿವೆಯೊಳಗೆ ಬೆವರು ಕಡಿಮೆ.

ಕಷ್ಟ ಇರುವುದು ಎರಡು ಕಡೆ. ಒಂದು, ಶುರುವಿನಲ್ಲೇ. ಸುರಂಗ ದಾಟಿ ಸೆಂಟ್ರಿ ಬ್ರಿಡ್ಜ್‌ವರೆಗೆ, ಅಲ್ಲಿಂದ ಸ್ಪೈರಲ್ ಟನೆಲ್ ಮುಗಿಯುವವರೆಗೆ ಮೆಟ್ಟಿಲು ಒತ್ತೊತ್ತಾಗಿ ಬರುತ್ತವೆ. ಹಿರಿಯರು ಇಲ್ಲೇ ‘ಇನ್ನೂ ಹೀಗೇನಾ?’ ಅಂತ ಕೈಚೆಲ್ಲುತ್ತಾರೆ. ಇದು ದಾಟಿದರೆ ಬಹಳ ದೂರ ಸಲೀಸು ಅಂತ ಅವರಿಗೆ ಮೊದಲೇ ಹೇಳಿಟ್ಟಿರಿ. ಎರಡನೆಯದು ಕೊನೆಯಲ್ಲಿ, ಜೇಕಬ್ಸ್ ಲ್ಯಾಡರ್. ಒಂದೇ ಏಟಿಗೆ 180 ಮೆಟ್ಟಿಲು. ಅದರ ಮೇಲೆ ಫಾಲ್ಸ್ ಏನೂ ಇಲ್ಲ, ಮೇಲಿನ ಪಾರ್ಕಿಂಗ್ ಇದೆ ಅಷ್ಟೇ. ಹಿರಿಯರನ್ನು ಅಲ್ಲಿಗೆ ಎಳೆದುಕೊಂಡು ಹೋಗುವ ಅಗತ್ಯವೇ ಇಲ್ಲ. ರೇನ್‌ಬೋ ಫಾಲ್ಸ್ ನೋಡಿ ಸ್ವಲ್ಪ ಮುಂದೆ ಹೋಗಿ ತಿರುಗಿಬಿಡಿ. ಸುಮಾರು ಅರ್ಧ ದಾರಿಯಲ್ಲೇ ಮುಖ್ಯವಾದದ್ದನ್ನೆಲ್ಲ ನೋಡಿದಂತಾಯಿತು.

ವಾಪಸ್ ಬರುವಾಗ ಇಳಿಯುವುದು ಮೊಣಕಾಲಿಗೆ ಹತ್ತುವುದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಮಡಚುವ ವಾಕಿಂಗ್ ಸ್ಟಿಕ್ ಒಂದು ಇಟ್ಟುಕೊಳ್ಳಿ. ಇಳಿಯಲು ಮೆಟ್ಟಿಲು ಕಡಿಮೆ ಇರುವ ದಾರಿ ಬೇಕಾದರೆ ಕಣಿವೆಯ ಮೇಲಂಚಿನಲ್ಲಿ, ಕಾಡಿನೊಳಗೆ ಇಂಡಿಯನ್ ಟ್ರೇಲ್ ಇದೆ. ಹೃದಯದ ತೊಂದರೆ, ಉಸಿರಾಟದ ತೊಂದರೆ ಇರುವವರು, ಮೊಣಕಾಲಿನ ಆಪರೇಷನ್ ಆಗಿ ಸ್ವಲ್ಪ ದಿನ ಆಗಿರುವವರು ಗಾರ್ಜ್ ಟ್ರೇಲ್ ಬಿಟ್ಟುಬಿಡಿ. ಅವರಿಗೆ ಕೆಳಗಿನ ಉತ್ತರ.

ಮೆಟ್ಟಿಲು ಹತ್ತಲು ಆಗದವರು ಕಾರಿನಲ್ಲೇ ಕೂರಬೇಕಾ?

ಬೇಡವೇ ಬೇಡ. ದೊಡ್ಡವರನ್ನು ಪಾರ್ಕಿಂಗ್‌ನಲ್ಲಿ ಕೂರಿಸಿ ಉಳಿದವರು ಎರಡು ಗಂಟೆ ನಾಪತ್ತೆಯಾಗುವುದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಸುತ್ತಮುತ್ತ ಅವರಿಗೂ ಆಗುವಂಥ ಜಲಪಾತಗಳು ಬೇಕಾದಷ್ಟಿವೆ.

ವಾಟ್ಕಿನ್ಸ್ ಗ್ಲೆನ್‌ನಿಂದ ದಕ್ಷಿಣಕ್ಕೆ ಕೆಲವೇ ಮೈಲಿ ಹೋದರೆ ಮಾಂಟೂರ್ ಫಾಲ್ಸ್ ಎಂಬ ಹಳ್ಳಿ. ಅಲ್ಲಿನ ಬೀದಿಯ ಕೊನೆಯಲ್ಲಿ, ಮನೆಗಳ ಹಿಂದೆಯೇ ಶಿಕ್ವಾಗಾ ಫಾಲ್ಸ್ ಬೀಳುತ್ತದೆ. ಕಾರಿನಿಂದ ಇಳಿದರೆ ಮುಗಿಯಿತು, ಎದುರಿಗೇ ಇದೆ.

ಪೂರ್ವಕ್ಕೆ ಮುಕ್ಕಾಲು ಗಂಟೆ ಹೋದರೆ ಇಥಾಕಾ ಹತ್ತಿರ ಟಗ್ಯಾನಕ್ ಫಾಲ್ಸ್ ಸ್ಟೇಟ್ ಪಾರ್ಕ್. ಒಂದೇ ಧಾರೆ, 215 ಅಡಿ. ನಯಾಗರಾಕ್ಕಿಂತ 33 ಅಡಿ ಎತ್ತರ. ಇದನ್ನು ಮೇಲಿನ ರಸ್ತೆಬದಿಯ ವ್ಯೂ ಪಾಯಿಂಟಿನಿಂದ ನಡೆಯದೆಯೇ ನೋಡಬಹುದು. ಕೆಳಗಿನಿಂದ ಹೋಗುವ ದಾರಿ ಮುಕ್ಕಾಲು ಮೈಲಿ, ಹೆಚ್ಚೂಕಡಿಮೆ ಸಮತಟ್ಟು, ಅಗಲ. ಮನೆ ಹತ್ತಿರ ದಿನಾ ವಾಕಿಂಗ್ ಹೋಗುವ ಹಿರಿಯರು ಆರಾಮಾಗಿ ಹೋಗಿ ಬರುತ್ತಾರೆ.

ನಯಾಗರಾ ಕಡೆ ಹೋಗುವವರು ದಾರಿ ಸ್ವಲ್ಪ ಬದಲಿಸಿದರೆ ಲೆಚ್‌ವರ್ತ್ ಸ್ಟೇಟ್ ಪಾರ್ಕ್ ಸಿಗುತ್ತದೆ. ಜೆನೆಸೀ ನದಿ ಕೊರೆದ ಆಳವಾದ ಕಮರಿ, ಮೂರು ದೊಡ್ಡ ಜಲಪಾತ. ಪಾರ್ಕಿನ ಉದ್ದಕ್ಕೂ ಕಾರು ಹೋಗುತ್ತದೆ. ಮಧ್ಯದ ಫಾಲ್ಸ್ ಅಂತೂ ಪಾರ್ಕಿಂಗ್‌ನಿಂದ ಕೂಗಳತೆಯಲ್ಲಿದೆ. ಮನೆಯಲ್ಲಿ ಇಬ್ಬರಿಗೂ ಮೊಣಕಾಲು ನೋವು ಅಂದರೆ ವಾಟ್ಕಿನ್ಸ್ ಗ್ಲೆನ್ ಬಿಟ್ಟು ಲೆಚ್‌ವರ್ತ್‌ಗೇ ಹೋಗಿ ಅಂತ ಹೇಳುತ್ತೇನೆ.

ಮಗುವಿನ ಸ್ಟ್ರಾಲರ್?

ಗಾರ್ಜ್ ಟ್ರೇಲ್‌ನಲ್ಲಿ ಆಗುವುದಿಲ್ಲ. ಬೆನ್ನಿಗೋ ಎದೆಗೋ ಕಟ್ಟಿಕೊಳ್ಳುವ ಕ್ಯಾರಿಯರ್ ತನ್ನಿ. ಮೂರು ನಾಲ್ಕು ವರ್ಷದ ಮಕ್ಕಳು ನಡೆಯುತ್ತಾರೆ, ಆದರೆ ಕೈ ಬಿಡಬೇಡಿ. ಕಟ್ಟೆ ಕೆಲವು ಕಡೆ ಗಿಡ್ಡ.

ಬಟ್ಟೆ, ಚಪ್ಪಲಿ?

ಹಿಡಿತ ಇರುವ ಶೂ. ಬೇರೆ ಮಾತಿಲ್ಲ. ಹವಾಯಿ ಚಪ್ಪಲಿ, ಸವೆದ ಅಟ್ಟೆಯ ಸ್ಯಾಂಡಲ್ ಹಾಕಿಕೊಂಡು ಬರಬೇಡಿ. ಮಳೆಯೇ ಇಲ್ಲದ ದಿನವೂ ಇಲ್ಲಿ ಮೆಟ್ಟಿಲು ಒದ್ದೆ. ಮೇಲಿನ ಬಂಡೆಯಿಂದ ಸದಾ ಹನಿ ಬೀಳುತ್ತಲೇ ಇರುತ್ತದೆ. ಜನ ನಡೆದು ನಡೆದು ಕೆಲವು ಮೆಟ್ಟಿಲುಗಳ ಮಧ್ಯ ಸವೆದು ಸಣ್ಣ ತಗ್ಗಾಗಿದೆ. ಆ ತಗ್ಗಿನಲ್ಲಿ ನೀರು ನಿಂತಿರುತ್ತದೆ. ಕಾಲು ಮೆಟ್ಟಿಲ ಅಂಚಿನಲ್ಲಿಡಬೇಡಿ, ಪೂರ್ತಿ ಒಳಗೆ ಇಡಿ.

ಸೀರೆ ಉಟ್ಟೇ ಬರುತ್ತೇನೆ ಅನ್ನುವ ಅಮ್ಮಂದಿರಿಗೆ: ಬನ್ನಿ, ತೊಂದರೆ ಇಲ್ಲ. ಸ್ವಲ್ಪ ಎತ್ತಿ ಉಟ್ಟುಕೊಂಡು, ಸೆರಗು ಸಿಕ್ಕಿಸಿಕೊಂಡು, ಕಾಲಿಗೆ ಶೂ ಹಾಕಿಕೊಳ್ಳಿ. ಚೂಡಿದಾರ ಇನ್ನೂ ಸುಲಭ. ಒಂದು ತೆಳು ಜಾಕೆಟ್ ಎಲ್ಲರಿಗೂ ಇರಲಿ. ಫೋನಿಗೆ ಪ್ಲಾಸ್ಟಿಕ್ ಕವರ್ ಇದ್ದರೆ ಒಳ್ಳೆಯದು.

ದಾರಿಯಲ್ಲಿ ಯಾವುದನ್ನು ತಪ್ಪಿಸಿಕೊಳ್ಳಬಾರದು?

ಮೊದಲು ಬಂಡೆಯಲ್ಲೇ ಕೊರೆದ ಸುರಂಗದ ಮೂಲಕ ಹತ್ತಿ ಸೆಂಟ್ರಿ ಬ್ರಿಡ್ಜ್ ಮೇಲೆ ಬರುತ್ತೀರಿ. ಅಲ್ಲಿಂದ ಸ್ವಲ್ಪ ದೂರಕ್ಕೆ ಕ್ಯಾವರ್ನ್ ಕ್ಯಾಸ್ಕೇಡ್. ದಾರಿ ನೇರವಾಗಿ ಆ ನೀರಿನ ಹಿಂದೆಯೇ ಹೋಗುತ್ತದೆ. ಇಲ್ಲಿ ಎಲ್ಲರೂ ಮುಂದೆ ನಿಂತು ಫೋಟೊ ತೆಗೆದು ಸರಸರ ದಾಟಿಬಿಡುತ್ತಾರೆ. ನೀವು ನೀರಿನ ಹಿಂದೆ ಒಂದು ಕ್ಷಣ ನಿಲ್ಲಿ. ಹೊರಗಿನ ಬೆಳಕು ನೀರಿನ ಪರದೆ ಸೋಸಿಕೊಂಡು ಒಳಗೆ ಬರುತ್ತದೆ. ಪಕ್ಕದವರು ಕಿವಿಯ ಹತ್ತಿರ ಬಂದು ಕೂಗಿದರೂ ಕೇಳುವುದಿಲ್ಲ, ಅಷ್ಟು ಸದ್ದು.

ಆಮೇಲೆ ತಲೆಯ ಮೇಲೆ ಬಹಳ ಎತ್ತರದಲ್ಲಿ ಒಂದು ತೂಗುಸೇತುವೆ ಕಾಣುತ್ತದೆ. ಅದು ನೀರಿನಿಂದ 85 ಅಡಿ ಮೇಲಿದೆ. 1935ರ ಪ್ರವಾಹದಲ್ಲಿ ನೀರು ಆ ಸೇತುವೆಯಿಂದ ಬರೀ 5 ಅಡಿ ಕೆಳಗಿನವರೆಗೆ ಏರಿತ್ತು. ಕೆಳಗೆ ನಿಂತು ಮೇಲೆ ನೋಡಿ, ಕಣಿವೆ ತುಂಬಿದ್ದನ್ನು ಊಹಿಸಿಕೊಳ್ಳಿ. ಮಕ್ಕಳಿಗೆ ಇದನ್ನು ಹೇಳಿದರೆ ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ಸೆಂಟ್ರಲ್ ಕ್ಯಾಸ್ಕೇಡ್ ದಾಟಿದ ಮೇಲೆ ಗ್ಲೆನ್ ಆಫ್ ಪೂಲ್ಸ್. ಸುತ್ತುವ ನೀರು ಕಲ್ಲುಗುಂಡುಗಳನ್ನು ತಿರುಗಿಸಿ ತಿರುಗಿಸಿ ಬಂಡೆಯಲ್ಲಿ ಕೊರೆದ ದುಂಡು ಮಡುಗಳು, ಒಂದರ ಕೆಳಗೊಂದು. ನೀರಿನ ಬಣ್ಣ ಹಸಿರು. ಅದಾದ ಮೇಲೆ ರೇನ್‌ಬೋ ಫಾಲ್ಸ್. ಪಕ್ಕದ ಗೋಡೆಯ ಮೇಲಿನಿಂದ ತೆಳ್ಳಗಿನ ನೀರು ದಾರಿಯ ಮೇಲೇ ಇಳಿಯುತ್ತದೆ, ಅದರ ಹಿಂದೆ ನೀವು ಹೋಗುತ್ತೀರಿ. ಮುಂದೆ ಕಮಾನಿನ ಕಲ್ಲುಸೇತುವೆ. ಈ ಪಾರ್ಕಿನದ್ದು ಅಂತ ನೀವು ನೋಡಿರುವ ಫೋಟೊಗಳಲ್ಲಿ ಬಹುಪಾಲು ಇಲ್ಲಿಯವೇ. ಬಿಸಿಲಿರುವ ದಿನ ಮಧ್ಯಾಹ್ನ ಕಳೆದ ಮೇಲೆ ಬಂದರೆ ಹೆಸರಿಗೆ ತಕ್ಕ ಹಾಗೆ ಕಾಮನಬಿಲ್ಲು ಕಾಣುತ್ತದೆ.

ನೀರಿಗೆ ಇಳಿಯಬಹುದಾ?

ಇಲ್ಲ. ಕಣಿವೆಯೊಳಗೆ ಈಜುವುದು, ಕಾಲಿಡುವುದು, ಕಟ್ಟೆ ದಾಟಿ ಬಂಡೆಯ ಮೇಲೆ ಹೋಗುವುದು ಯಾವುದೂ ಇಲ್ಲ. ‘ಇಷ್ಟೇ ನೀರು, ಏನಾಗುತ್ತೆ’ ಅನ್ನಿಸುತ್ತದೆ. ಆ ಬಂಡೆ ಎಣ್ಣೆ ಹಚ್ಚಿದಷ್ಟು ಜಾರುತ್ತದೆ, ಜಾರಿದರೆ ಕೆಳಗೆ ಇನ್ನೊಂದು ಫಾಲ್ಸ್ ಇರುತ್ತದೆ. ಸೆಲ್ಫಿಗೋಸ್ಕರ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸುವುದನ್ನು ದಯವಿಟ್ಟು ಮಾಡಬೇಡಿ. ನೀರಾಟ ಆಡಲೇಬೇಕು ಅಂದರೆ ದಕ್ಷಿಣದ ಬಾಗಿಲಿನ ಹತ್ತಿರ ಬೇಸಿಗೆಯಲ್ಲಿ ನಡೆಯುವ ಈಜುಕೊಳ ಇದೆ. ತೆರೆದಿದೆಯಾ ಅಂತ ಕೇಳಿಕೊಂಡು ಹೋಗಿ.

ಈ ಕಣಿವೆ ಹೇಗಾಯಿತು?

ಇದನ್ನು ತಿಳಿದುಕೊಂಡು ನಡೆದರೆ ನೋಡುವ ಖುಷಿ ಎರಡರಷ್ಟಾಗುತ್ತದೆ. ಈ ಗೋಡೆಗಳ ಬಂಡೆ ಸುಮಾರು 38 ಕೋಟಿ ವರ್ಷ ಹಳೆಯದು. ಆಗ ಇಲ್ಲಿ ಸಮುದ್ರ ಇತ್ತು. ಅದರ ತಳದಲ್ಲಿ ಕೂತ ಕೆಸರು, ಮರಳು ಪದರಪದರವಾಗಿ ಗಟ್ಟಿಯಾಗಿ ಕಲ್ಲಾಯಿತು. ಹತ್ತಿರ ಹೋಗಿ ನೋಡಿ, ಗೋಡೆಯಲ್ಲಿ ಬೆರಳಷ್ಟು ತೆಳು ಪದರವೂ ಇದೆ, ಗೇಣುದ್ದದ ದಪ್ಪ ಪದರವೂ ಇದೆ. ಕೆಲವು ಚಪ್ಪಡಿಗಳ ಮೇಲೆ ಹಳೆಯ ಅಲೆಗಳು ಬಿಟ್ಟುಹೋದ ಸಣ್ಣ ಸಣ್ಣ ಮಡಿಕೆಗಳು ಹಾಗೇ ಉಳಿದಿವೆ.

ಆಮೇಲೆ ಹಿಮಯುಗ ಬಂತು. ದೊಡ್ಡ ಹಿಮನದಿಗಳು ಸೆನೆಕಾ ಸರೋವರದ ತಗ್ಗನ್ನು ಆಳವಾಗಿ ಉತ್ತುಹಾಕಿದವು. ಆ ಸರೋವರದ ಆಳ ಇವತ್ತಿಗೂ 600 ಅಡಿಗಿಂತ ಜಾಸ್ತಿ. ಪಕ್ಕದಿಂದ ಬಂದು ಸೇರುತ್ತಿದ್ದ ಪುಟ್ಟ ತೊರೆ ಮಾತ್ರ ಮೇಲೆಯೇ ಉಳಿಯಿತು. ಸುಮಾರು 12,000 ವರ್ಷಗಳ ಹಿಂದೆ ಹಿಮ ಸರಿದ ಮೇಲೆ ಅದು ಮೇಲಿನಿಂದ ಕೆಳಗೆ ಧುಮುಕುತ್ತಾ ಬಂಡೆಯನ್ನು ಕೊರೆಯಲು ಶುರು ಮಾಡಿತು. ಮೆದು ಪದರ ಬೇಗ ಸವೆಯುತ್ತದೆ, ಗಟ್ಟಿ ಪದರ ತಡೆದು ನಿಲ್ಲುತ್ತದೆ. ಗಟ್ಟಿ ಪದರ ನಿಂತ ಕಡೆಯೆಲ್ಲ ಒಂದೊಂದು ಫಾಲ್ಸ್. ಈ ಕೊರೆತ ಇನ್ನೂ ನಿಂತಿಲ್ಲ.

ಸರೋವರದ ದಡದಲ್ಲಿ ಕಾಣುವ ಫ್ಯಾಕ್ಟರಿ ಏನು ಅಂತಲೂ ಕೆಲವರು ಕೇಳುತ್ತಾರೆ. ಅದು ಉಪ್ಪಿನದ್ದು. ಈ ನೆಲದ ಅಡಿಯಲ್ಲಿ ಇನ್ನೂ ಹಳೆಯ ಸಮುದ್ರವೊಂದು ಒಣಗಿ ಬಿಟ್ಟುಹೋದ ಉಪ್ಪಿನ ಪದರ ಇದೆ. ಅದನ್ನೇ ತೆಗೆಯುತ್ತಾರೆ.

ಇಷ್ಟು ಮೆಟ್ಟಿಲು, ಕಟ್ಟೆ ಕಟ್ಟಿದ್ದು ಯಾರು?

1863ರಲ್ಲಿ ಖಾಸಗಿಯವರು ಜನರಿಗೆ ತೋರಿಸುವುದಕ್ಕೆ ಅಂತ ಇದನ್ನು ತೆರೆದರು. 1906ರಲ್ಲಿ ರಾಜ್ಯ ಸರ್ಕಾರ ಕೊಂಡುಕೊಂಡಿತು. 1935ರ ಜುಲೈನ ಪ್ರವಾಹ ಇದ್ದ ದಾರಿ, ಸೇತುವೆಗಳನ್ನು ಕಿತ್ತುಕೊಂಡು ಹೋಯಿತು. ಈಗ ನಾವು ನಡೆಯುವ ಕಲ್ಲಿನ ದಾರಿಯಲ್ಲಿ ಬಹುಪಾಲು ಅದಾದ ಮೇಲಿನದ್ದು. ಕಟ್ಟಿದವರು ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು. ಆರ್ಥಿಕ ಕುಸಿತದ ಕಾಲ ಅದು. ಕೆಲಸ ಇಲ್ಲದ ಯುವಕರಿಗೆ ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ಶುರು ಮಾಡಿದ ಯೋಜನೆ. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಅವರ ಮನೆಗೆ ಹೋಗುತ್ತಿತ್ತು.

ಅವರ ಕೆಲಸ ಎಷ್ಟು ನಾಜೂಕು ಅಂದರೆ, ಹಲವು ಕಡೆ ಕಟ್ಟಿದ ಗೋಡೆ ಎಲ್ಲಿ ಮುಗಿದು ನಿಜವಾದ ಬಂಡೆ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಬೇಕು. ಕಣಿವೆಯ ಪದರಗಳಿಗೆ ಹೊಂದುವ ಹಾಗೆ ಕಲ್ಲನ್ನು ಅಡ್ಡಡ್ಡ ಜೋಡಿಸಿದ್ದಾರೆ. ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುವಾಗ ಆ ಕಟ್ಟೆಯನ್ನೂ ಒಮ್ಮೆ ಮುಟ್ಟಿ ನೋಡಿ.

ಊಟಕ್ಕೇನು? ಸಸ್ಯಾಹಾರ ಸಿಗುತ್ತಾ?

ಊರಿನಲ್ಲಿ ಪಿಜ್ಜಾ, ಸ್ಯಾಂಡ್‌ವಿಚ್, ಐಸ್‌ಕ್ರೀಂ ಸಿಗುತ್ತದೆ. ಅನ್ನ ಸಾರಿಲ್ಲದೆ ಆಗದವರಿಗೆ ಅಷ್ಟು ಸಾಕಾಗುವುದಿಲ್ಲ. ಇಂಡಿಯನ್ ಊಟ ಬೇಕು ಅಂದರೆ ಇಥಾಕಾ ಕಡೆ ಹೋಗಬೇಕು. ಕಾರ್ನೆಲ್ ಯೂನಿವರ್ಸಿಟಿ ಇರುವುದರಿಂದ ಅಲ್ಲಿ ಎಲ್ಲ ಥರದ ಊಟ ಸಿಗುತ್ತದೆ.

ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಪುಳಿಯೋಗರೆ, ಚಪಾತಿ ಪಲ್ಯ, ಕೂಲರ್‌ನಲ್ಲಿ ಮೊಸರನ್ನ. ಮೇಲಿನ ಬಾಗಿಲು, ದಕ್ಷಿಣದ ಬಾಗಿಲು ಎರಡೂ ಕಡೆ ಮರದ ನೆರಳಿನಲ್ಲಿ ಪಿಕ್ನಿಕ್ ಟೇಬಲ್ ಇವೆ. ಕಣಿವೆಯೊಳಗೆ ಮಾತ್ರ ಬುತ್ತಿ ಬಿಚ್ಚಬೇಡಿ, ಎಲ್ಲರೂ ಕೂತು ಉಣ್ಣುವಷ್ಟು ಜಾಗವೂ ಅಲ್ಲಿಲ್ಲ. ಒಬ್ಬೊಬ್ಬರಿಗೆ ಒಂದು ಬಾಟಲಿ ನೀರು, ಸಕ್ಕರೆ ಕಾಯಿಲೆ ಇರುವವರ ಜೇಬಿನಲ್ಲಿ ಏನಾದರೂ ಸಿಹಿ ಇರಲಿ. ಊಟ ಆದ ಮೇಲೆ ಎಲೆ, ಪೇಪರ್ ತಟ್ಟೆ, ಉಪ್ಪಿನಕಾಯಿ ಪ್ಯಾಕೆಟ್ಟು ಎಲ್ಲ ಗುಡಿಸಿ ಡಬ್ಬಕ್ಕೆ ಹಾಕಿ.

ಟಾಯ್ಲೆಟ್?

ಬಾಗಿಲುಗಳ ಹತ್ತಿರ ಇವೆ. ಗಾರ್ಜ್ ಟ್ರೇಲ್ ಒಳಗೆ ಇಲ್ಲ. ಎಲ್ಲರೂ ಹೋಗಿ ಬಂದ ಮೇಲೇ ಹತ್ತಲು ಶುರು ಮಾಡಿ. ಹಾಗೆಯೇ ಬಂಡೆಗಳ ನಡುವೆ ಫೋನ್ ಸಿಗ್ನಲ್ ಕೈಕೊಡುತ್ತದೆ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಅವತ್ತೇ ಮಳೆ ಬಂದರೆ?

ಸೋನೆ ಮಳೆ ಆದರೆ ರೇನ್‌ಕೋಟ್ ಹಾಕಿಕೊಂಡು ಹೋಗಿ, ಜನ ಕಡಿಮೆ, ಬಂಡೆ ಫಳಫಳ ಹೊಳೆಯುತ್ತದೆ. ಛತ್ರಿ ಬೇಡ, ಕಿರಿದಾದ ದಾರಿಯಲ್ಲಿ ಎದುರಿನವರ ಕಣ್ಣಿಗೆ ತಾಗುತ್ತದೆ. ಗುಡುಗು ಸಹಿತ ಜೋರು ಮಳೆ ಇದ್ದರೆ ಹೋಗಬೇಡಿ. ತೊರೆ ಬಹಳ ಬೇಗ ಏರುತ್ತದೆ, ಅಂಥ ಹೊತ್ತಲ್ಲಿ ಟ್ರೇಲ್ ಮುಚ್ಚುವುದೂ ಉಂಟು. ಅವತ್ತು ಅರ್ಧ ಗಂಟೆ ದೂರದ ಕಾರ್ನಿಂಗ್ ಮ್ಯೂಸಿಯಂ ಆಫ್ ಗ್ಲಾಸ್‌ಗೆ ಹೋಗಿ. ಕಾದ ಗಾಜನ್ನು ಊದಿ ಹೂಜಿ ಮಾಡುವುದನ್ನು ಕಣ್ಣೆದುರೇ ತೋರಿಸುತ್ತಾರೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗೂ ಅದು ತುಂಬಾ ಹಿಡಿಸುತ್ತದೆ.

ಫೋಟೊ ಚೆನ್ನಾಗಿ ಬರಬೇಕು ಅಂದರೆ?

ಮೋಡ ಕವಿದ ದಿನ, ಇಲ್ಲವೇ ಬೆಳಿಗ್ಗೆ ಬೇಗ. ನಡುಹಗಲಿನ ಬಿಸಿಲಿನಲ್ಲಿ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಬರುತ್ತದೆ. ಜನರಿರುವಾಗ ಟ್ರೈಪಾಡ್ ನಿಲ್ಲಿಸಬೇಡಿ. ಡ್ರೋನ್‌ಗೆ ಪರವಾನಗಿ ಬೇಕು, ಸುಮ್ನೆ ತರಬೇಡಿ.

ಎಲ್ಲಿ ಉಳಿಯುವುದು? ಟೆಂಟ್ ಹಾಕಬಹುದಾ?

ಊರಿನಲ್ಲಿ ಹೋಟೆಲುಗಳಿವೆ. ಸೀಸನ್‌ನಲ್ಲಿ ದರ ಏರುತ್ತದೆ. ಕಾರ್ನಿಂಗ್, ಹಾರ್ಸ್‌ಹೆಡ್ಸ್ ಕಡೆ ಸ್ವಲ್ಪ ಅಗ್ಗ. ಪಾರ್ಕಿನ ದಕ್ಷಿಣದ ಬಾಗಿಲಿನ ಬಳಿ ಕ್ಯಾಂಪ್‌ಗ್ರೌಂಡ್ ಇದೆ. ಬೇಸಿಗೆಯ ವೀಕೆಂಡಿಗೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ನ್ಯೂಜೆರ್ಸಿಯಿಂದ ಸೌದೆ ತರಬೇಡಿ. ಮರ ಕೊರೆಯುವ ಹುಳುಗಳು ಹರಡುತ್ತವೆ ಅಂತ, ಶಾಖ ಕೊಟ್ಟು ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸುವುದನ್ನು ನ್ಯೂಯಾರ್ಕ್ ನಿಷೇಧಿಸಿದೆ. ಅಲ್ಲೇ ಕೊಂಡುಕೊಳ್ಳಿ. ಹುಲ್ಲು, ಪೊದೆಯಲ್ಲಿ ಓಡಾಡಿ ಬಂದ ಮೇಲೆ ಮೈಮೇಲೆ ಉಣ್ಣೆ ಹುಳ (ಟಿಕ್) ಹತ್ತಿದೆಯಾ ನೋಡಿಕೊಳ್ಳಿ. ಇಲ್ಲಿನ ಉಣ್ಣೆಯಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ.

ನಾಯಿ ಕರೆದುಕೊಂಡು ಹೋಗಬಹುದಾ?

ಗಾರ್ಜ್ ಟ್ರೇಲ್‌ಗೆ ಇಲ್ಲ. ಕಣಿವೆಯ ಮೇಲಂಚಿನ ದಾರಿಗಳಲ್ಲಿ ಹಗ್ಗ ಕಟ್ಟಿ ಕರೆದೊಯ್ಯಬಹುದು.

ನಯಾಗರಾ ಜೊತೆ ಸೇರಿಸಿ ಹೇಗೆ ಪ್ಲಾನ್ ಮಾಡುವುದು?

ನ್ಯೂಜೆರ್ಸಿಯ ಎಡಿಸನ್ ಕಡೆಯಿಂದ ವಾಟ್ಕಿನ್ಸ್ ಗ್ಲೆನ್‌ಗೆ ನಾಲ್ಕೂವರೆ ಗಂಟೆ ಅಂದುಕೊಳ್ಳಿ. ಹಿರಿಯರಿದ್ದರೆ ಐದೂವರೆ. ಅಲ್ಲಿಂದ ನಯಾಗರಾಕ್ಕೆ ಎರಡೂವರೆಯಿಂದ ಮೂರು ಗಂಟೆ. ಮೂರು ದಿನ ಇದ್ದರೆ ಹೀಗೆ ಮಾಡಿ. ಮೊದಲ ದಿನ ನಿಧಾನವಾಗಿ ಬಂದು, ದಾರಿಯಲ್ಲಿ ಮಾಂಟೂರ್ ಫಾಲ್ಸ್ ಹಳ್ಳಿಯಲ್ಲಿ ನಿಂತು, ಸಂಜೆ ಸೆನೆಕಾ ಸರೋವರದ ದಡದಲ್ಲಿ ಕಳೆಯಿರಿ. ಎರಡನೇ ದಿನ ಬೆಳಿಗ್ಗೆ ಕಣಿವೆ, ಬುತ್ತಿ ಊಟ, ಮಧ್ಯಾಹ್ನ ಹೊರಟು ರಾತ್ರಿ ಹೊತ್ತಿಗೆ ನಯಾಗರಾ. ಅಲ್ಲಿ ಬಣ್ಣದ ದೀಪದ ಬೆಳಕಿನಲ್ಲಿ ನೀರು ನೋಡಬಹುದು. ಮೂರನೇ ದಿನ ಬೆಳಿಗ್ಗೆ ದೋಣಿ, ಆಮೇಲೆ ಮನೆ ದಾರಿ. ಎರಡು ದಿನದಲ್ಲಿ ಮುಗಿಸಬಹುದು, ಆದರೆ ಡ್ರೈವ್ ಮಾಡುವವರ ಸೊಂಟ ಬಿದ್ದುಹೋಗುತ್ತದೆ.

ನಯಾಗರಾ ಕೂಡ ಸ್ಟೇಟ್ ಪಾರ್ಕೇ. 1885ರಲ್ಲಿ ಆಗಿದ್ದು, ಅಮೆರಿಕದ ಅತಿ ಹಳೆಯ ಸ್ಟೇಟ್ ಪಾರ್ಕ್. ನಡೆದು ಒಳಗೆ ಹೋಗಲು ದುಡ್ಡಿಲ್ಲ. ಪಾರ್ಕಿಂಗ್‌ಗೆ, ದೋಣಿಗೆ ಬೇರೆ ಬೇರೆ.

ಅಪ್ಪ ಅಮ್ಮನ ಹತ್ತಿರ ಅಮೆರಿಕದ ವೀಸಾ ಇದೆ. ಕೆನಡಾ ಬದಿಗೂ ಹೋಗಿ ಬರಬಹುದಾ?

ಅಮೆರಿಕದ ಟೂರಿಸ್ಟ್ ವೀಸಾ ಇದ್ದ ಮಾತ್ರಕ್ಕೆ ಕೆನಡಾಗೆ ಬಿಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ರಸ್ತೆಯಲ್ಲಿ ಗಡಿ ದಾಟಲು ಕೆನಡಾದ ವೀಸಾ ಬೇಕು. ವಾಪಸ್ ಬರಲು ಅಮೆರಿಕದ ವೀಸಾ ಕೂಡ ಚಾಲ್ತಿಯಲ್ಲಿರಬೇಕು. ನಿಮ್ಮ ವೀಸಾ ಸ್ಟಾಂಪ್ ಮುಗಿದಿದ್ದರೆ ವಕೀಲರನ್ನು ಕೇಳದೆ ಗಡಿಯ ಸೇತುವೆ ಹತ್ತಬೇಡಿ. ಜಿಪಿಎಸ್‌ಗೆ ಬರೀ ‘ನಯಾಗರಾ ಫಾಲ್ಸ್’ ಅಂತ ಹಾಕಿದರೆ ಕೆಲವೊಮ್ಮೆ ಕೆನಡಾ ಬದಿಯ ಊರಿಗೆ ದಾರಿ ತೋರಿಸುತ್ತದೆ. ‘ನಯಾಗರಾ ಫಾಲ್ಸ್ ಸ್ಟೇಟ್ ಪಾರ್ಕ್, ನ್ಯೂಯಾರ್ಕ್’ ಅಂತ ಪೂರ್ತಿ ಹಾಕಿ. ಹತ್ತಿರ ಬಂದ ಮೇಲೆ ರೇನ್‌ಬೋ ಬ್ರಿಡ್ಜ್ ಅನ್ನುವ ಬೋರ್ಡ್ ಕಂಡರೆ ಆ ಲೇನ್ ಬಿಟ್ಟು ಬನ್ನಿ, ಅದು ಕೆನಡಾಕ್ಕೆ ಹೋಗುವ ಸೇತುವೆ.